ಪಕ್ಕದವರು ಯಾರಿಗೆ ಹಾಕ್ತಾರೆ?

ಕೆಲವರು ಹೋದಲ್ಲೆಲ್ಲ ನಾಯಿ ಬೊಗಳುತ್ತದೆ, ಕೆಲವರು ಹತ್ತಿದ ರೈಲೆಲ್ಲ ಕೆಟ್ಟು ನಿಲ್ಲುತ್ತದೆ. ನಾನು ಹೋದಲ್ಲೆಲ್ಲ ನನಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಹೊಗಳಿಸಿಕೊಳ್ಳುವವನೊಬ್ಬ ಸಿಗುತ್ತಾನೆ. ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿದ್ದ, ಕಾಲೇಜಿನಲ್ಲಿ ಮುಂದಿನ ಬೆಂಚಿನಲ್ಲಿದ್ದ. ಪಿಎಚ್‌ಡಿ ಮಾಡೋಣವೆಂದು ನೆದರ್ಲೆಂಡ್ಸಿಗೆ ಬಂದರೆ, ನನಗಿಂತ ಒಂದು ವಾರ ಮೊದಲೇ ಬಂದು ಕಾಫಿ ಮಷೀನಿನ ಪಕ್ಕ ನಿಂತಿದ್ದ. ಈ ಸಲದವನು ಮೈಸೂರಿನವನು. ಅವನನ್ನು ಹಾಗೆಂದೇ ಕರೆಯುತ್ತೇನೆ, ಹೆಸರು ಹೇಳಿದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ.

ನಮ್ಮ ಕೆಲಸ ಏನೆಂದು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ದಾವಣಗೆರೆಯಲ್ಲಿ ಹುಟ್ಟಿದ ನಾನು ಡಚ್ಚರ ಯೂನಿವರ್ಸಿಟಿಯ ಸಂಬಳ ತೆಗೆದುಕೊಂಡು, ಅಮೆರಿಕದವರು ಯಾರಿಗೆ ವೋಟು ಹಾಕುತ್ತಾರೆ, ಯಾಕೆ ಹಾಕುತ್ತಾರೆ, ಹೇಳಿದವರಿಗೇ ಹಾಕುತ್ತಾರಾ ಎಂದು ಫೋನಿನಲ್ಲಿ ಕೇಳುವುದು. ನನಗೆ ಇಲ್ಲಿ ವೋಟಿಲ್ಲ, ಅಮೆರಿಕವನ್ನು ಕಂಡೇ ಇಲ್ಲ, ಕೊರೊನಾ ಬಂದ ಮೇಲೆ ಊರಿಗೆ ಹೋಗಲು ವಿಮಾನವೂ ಇರಲಿಲ್ಲ.

ಆ ಕೊರೊನಾ ಶುರುವಾದ ವಸಂತದಲ್ಲೇ ನಮ್ಮ ಪ್ರೊಫೆಸರ್ ಇಬ್ಬರನ್ನೂ ಕರೆದರು. ಅವರು ಡಚ್ ಹೆಂಗಸು, ಮಾತು ಕಡ್ಡಿ ಮುರಿದಂತೆ. "ಥೀಸಿಸ್ ಮುಗಿದ ಮೇಲೆ ಇಬ್ಬರನ್ನೂ ಇಟ್ಟುಕೊಳ್ಳೋಕೆ ಆಗಲ್ಲ. ಇರೋದು ಒಂದೇ ಕೆಲಸ. ಮುಂದಿನ ವರ್ಷ ತೀರ್ಮಾನ ಮಾಡ್ತೀನಿ," ಎಂದರು. ಅವನು ನನಗೆ "ಆಲ್ ದಿ ಬೆಸ್ಟ್" ಅಂದ. ನಾನೂ ಅವನಿಗೆ "ಆಲ್ ದಿ ಬೆಸ್ಟ್" ಅಂದೆ. ಆ ಕೆಲಸ ಸಿಗದಿದ್ದರೆ ಅವನು ಮೈಸೂರಿಗೆ ಗಂಟುಮೂಟೆ ಕಟ್ಟಬೇಕು, ನಾನು ಗಂಡನ ವಾಸದ ಪರ್ಮಿಟ್ಟಿನ ನೆರಳಿನಲ್ಲಿ ಮನೆಯಲ್ಲಿ ಕೂರಬೇಕು. ಆ ಒಂದು ವರ್ಷದಲ್ಲಿ ನಡೆದದ್ದು ಇದು.

ಕಪಾಟು

ಲಾಕ್‌ಡೌನ್ ಬಂದು ನಮ್ಮ ಸೋಮವಾರದ ಮೀಟಿಂಗು ಕಂಪ್ಯೂಟರಿನೊಳಗೆ ಸೇರಿತು. ವೂರ್‌ಬರ್ಗ್‌ನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯಲ್ಲಿ ಗಂಡ, ಹಾಲಿನಲ್ಲಿ ನಾನು. ಗಂಡ ಗದಗಿನವರು, ವೆಲ್ಡ್‌ಹೋವನ್ನಿನ ಚಿಪ್ ಮಷೀನ್ ಕಂಪನಿಯಲ್ಲಿ ಎಂಜಿನಿಯರ್. ಆಗ ಅವರಿಗೂ ಮನೆಯೇ ಆಫೀಸು. ನನ್ನ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಸ್ಟ್ಯಾಂಡು, ಅದರ ತುಂಬ ಅವರ ಬನಿಯನ್ನು. ಆಮರ್ಸ್‌ಫೋರ್ಟ್‌ನಲ್ಲಿದ್ದ ಮೈಸೂರಿನವನ ಬೆನ್ನ ಹಿಂದೆ ಮಾತ್ರ ಗೋಡೆಯಷ್ಟುದ್ದ ಪುಸ್ತಕದ ಕಪಾಟು. ಕಂದು ಮರ, ದಪ್ಪ ದಪ್ಪ ಪುಸ್ತಕ, ಮೂಲೆಯಲ್ಲೊಂದು ಹಿತ್ತಾಳೆಯ ದೀಪ.

"ಆಹಾ, ಎಂಥ ಕಪಾಟು!" ಎಂದರು ಪ್ರೊಫೆಸರ್. ಆ ಸಂಜೆಯೇ ಬೆಡ್‌ರೂಮಿನ ಕಪಾಟನ್ನು ಹಾಲಿಗೆ ಎಳೆಸಿದೆ. "ಇದನ್ಯಾಕ ಎಳಿಸ್ತೀ, ನಡಾ ಮುರೀತಲ್ಲ," ಎಂದು ಗಂಡ ಗೊಣಗುತ್ತ ಎಳೆದರು. ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಹಿಂದೆ ತಳ್ಳಿ ಮುಂದೆ ಪುಸ್ತಕ ಜೋಡಿಸಿದೆ.

ಮುಂದಿನ ಸೋಮವಾರ ಮೈಸೂರಿನವನು ನೀರಿನ ಬಾಟಲಿಗೆ ಕೈ ಚಾಚಿದ. ಮೊಣಕೈವರೆಗೆ ಅವನ ಕೈಯೇ ಮಾಯ! ಕಪಾಟು ಬರೀ ಕಂಪ್ಯೂಟರು ಹಿಂದೆ ಹಾಕಿದ ಚಿತ್ರ. "ಅಯ್ಯೋ, ನಿನ್ನ ಕೈ ಎಲ್ಲಿ ಹೋಯ್ತು?" ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಗಾಬರಿಪಟ್ಟೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಪ್ರೊಫೆಸರ್ ಕನ್ನಡಕ ಸರಿ ಮಾಡಿಕೊಂಡರು. "ಓ, ಅದು ಚಿತ್ರವಾ? ಎಷ್ಟು ಚೆನ್ನಾಗಿದೆ! ನಮಗೂ ಕಳಿಸು."

ಅದರ ಮುಂದಿನ ವಾರ ಎಲ್ಲರ ಹಿಂದೆಯೂ ಅದೇ ಕಂದು ಕಪಾಟು, ಎಲ್ಲರ ಕಿವಿಯ ಪಕ್ಕವೂ ಅದೇ ಹಿತ್ತಾಳೆ ದೀಪ. ನಿಜವಾದ ಮರದ ಕಪಾಟು ಇದ್ದದ್ದು ನನ್ನೊಬ್ಬಳ ಹಿಂದೆ. ಪ್ರೊಫೆಸರ್ ನನ್ನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ಅಂದರು: "ನಿನ್ನ ಹಿಂದಿರೋದು ಮಾತ್ರ ಯಾಕೋ ನಕಲಿ ಅನ್ನಿಸ್ತಿದೆ. ಅವನನ್ನ ಕೇಳು, ಒಳ್ಳೇದು ಕೊಡ್ತಾನೆ."

ಊಟ ಆಯ್ತಾ

ಮತದಾರರನ್ನು ಮಾತಾಡಿಸುವುದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿದೆ. ಅವರು ಏನೇ ಹೇಳಲಿ, ನಾವು ಸಂತೋಷಪಡಬಾರದು, ಬೇಜಾರೂ ಪಡಬಾರದು. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಒಂದೇ ದನಿಯಲ್ಲಿ ಕೇಳುತ್ತ ಹೋಗಬೇಕು. ಮೈಸೂರಿನವನು ಇದರಲ್ಲಿ ನಿಸ್ಸೀಮ. ಅವನ ದನಿ ಕೇಳಿದರೆ ಮುಂದಿನ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುತ್ತಾನೇನೋ ಅನ್ನಿಸುತ್ತಿತ್ತು. ಅಮೆರಿಕದವರಿಗೂ ಹಾಗೇ ಅನ್ನಿಸಿತೋ ಏನೋ, ಪ್ರಶ್ನೆ ಮುಗಿಯುವ ಮೊದಲೇ ಫೋನ್ ಇಟ್ಟುಬಿಡುತ್ತಿದ್ದರು.

ನನಗೆ ಆ ಕಟ್ಟುನಿಟ್ಟು ಮೊದಲ ದಿನವೇ ತಪ್ಪಿತು. ನಮ್ಮ ಮಧ್ಯಾಹ್ನ ಅವರಿಗೆ ಬೆಳಗ್ಗೆ. ಪೆನ್ಸಿಲ್ವೇನಿಯಾದ ಒಬ್ಬ ಅಜ್ಜಿ ಹಲೋ ಅಂದ ಕೂಡಲೇ ನನ್ನ ಬಾಯಿಂದ, "ತಿಂಡಿ ಆಯ್ತಾ ನಿಮ್ಮದು?" ಎಂದು ಇಂಗ್ಲಿಷಿನಲ್ಲಿ ಬಂದುಬಿಟ್ಟಿತು. ಕೆಲಸ ಹೋಯಿತು ಅಂದುಕೊಂಡೆ.

"ಟೋಸ್ಟ್ ತಿಂದೆ," ಎಂದರು ಅಜ್ಜಿ ಮೆಲ್ಲಗೆ. "ಮಗಳು ಬರೋದು ನಿಂತ ಮೇಲೆ ನನ್ನನ್ನ ಯಾರೂ ಇದನ್ನ ಕೇಳಿರಲಿಲ್ಲ." ಆಮೇಲೆ ಅಜ್ಜಿ ಟೋಸ್ಟಿನಿಂದ ಶುರು ಮಾಡಿ ಮಂಡಿನೋವು, ಮಗಳು, ಮಾಸ್ಕು, ದೇಶ, ರಾಜಕೀಯ ಎಲ್ಲವನ್ನೂ ಹೇಳಿದರು. ಅಂದಿನಿಂದ ನಾನು ಎಲ್ಲರಿಗೂ ಮೊದಲು ಅದನ್ನೇ ಕೇಳಿದೆ. ನನ್ನ ಫೋನನ್ನು ಯಾರೂ ಮಧ್ಯದಲ್ಲಿ ಇಡಲಿಲ್ಲ.

ನಮ್ಮ ರೆಕಾರ್ಡಿಂಗ್‌ಗಳನ್ನು ಗುಂಪಿನಲ್ಲಿ ಯಾರು ಬೇಕಾದರೂ ಕೇಳಬಹುದಿತ್ತು. ಒಂದು ಸೋಮವಾರ ಪ್ರೊಫೆಸರ್ ಮುಖ ಅರಳಿಸಿಕೊಂಡು ಬಂದರು. "ಮೊದಲು ಊಟದ ವಿಷಯ ಕೇಳೋದು, ಆಮೇಲೆ ವೋಟಿನ ವಿಷಯ. ಎಂಥ ಅದ್ಭುತ ವಿಧಾನ! ಇವನ ರೆಕಾರ್ಡಿಂಗಿನಲ್ಲಿ ಕೇಳಿದೆ, ಇದಕ್ಕೆ ಇವನ ಹೆಸರನ್ನೇ ಇಡೋಣ," ಎಂದು ಮೈಸೂರಿನವನ ಕಡೆ ಕೈ ತೋರಿಸಿದರು.

ಅವನು ತಲೆ ತಗ್ಗಿಸಿ, "ಅದು ನಮ್ಮ ಸಂಸ್ಕೃತಿ ಮೇಡಂ," ಎಂದ. ಆ 'ನಮ್ಮ' ಅನ್ನುವುದರಲ್ಲಿ ನಾನೂ ಇದ್ದೆನಂತೆ. ಕೈಯಲ್ಲಿದ್ದ ಪೆನ್ನನ್ನು ಕಚ್ಚಿ ಕಚ್ಚಿ ಅದರ ಕ್ಯಾಪು ಚಪ್ಪಟೆಯಾಯಿತು.

ಮೀಟಿಂಗ್ ಮುಗಿದು ಸುಮ್ಮನೆ ಗೋಡೆ ನೋಡುತ್ತ ಕೂತಿದ್ದೆ. ಗಂಡ ಅಡುಗೆಮನೆಯಿಂದ ತಲೆ ಹಾಕಿ, "ಊಟ ಆತೇನ?" ಎಂದರು.

"ಆ ಮಾತನ್ನ ಹಂಗೆಲ್ಲ ಬಳಸೋಹಾಗಿಲ್ಲ ರೀ," ಎಂದೆ. "ಮೊದಲು ಅವನ ಹೆಸರು ಉಲ್ಲೇಖ ಮಾಡಿ, ಆಮೇಲೆ ಕೇಳಿ."

ರಾಜ್ಯೋತ್ಸವ

ಆ ವರ್ಷದ ರಾಜ್ಯೋತ್ಸವ ಬಂದದ್ದು ಅಮೆರಿಕದ ಚುನಾವಣೆಯ ವಾರದಲ್ಲೇ. ಇಲ್ಲಿನ ಕನ್ನಡಿಗರೆಲ್ಲ ಕಂಪ್ಯೂಟರಿನಲ್ಲೇ ಹಬ್ಬ ಮಾಡಿದರು. ನಾಡಗೀತೆ, ಮಕ್ಕಳ ಕುಣಿತ, ಆಮೇಲೆ 'ಅಮೆರಿಕದಲ್ಲಿ ಯಾರು ಗೆಲ್ತಾರೆ' ಎಂದು ತಜ್ಞರ ಮಾತು. ತಜ್ಞರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಅವನು ರೇಷ್ಮೆ ಶಲ್ಯ ಹೊದ್ದು ಬಂದು, ಬೊಂಬಾಟಾಗಿ ಅರ್ಧ ಗಂಟೆ ಮಾತಾಡಿ, ಕೊನೆಗೆ "ಮತದಾರನೇ ತೀರ್ಮಾನ ಮಾಡ್ತಾನೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದೇ ಮಾತನ್ನು ನಾನು ತಿಂಗಳುಗಟ್ಟಲೆ ಹೇಳಿದಾಗ ಅದೇ ಜನ "ನಿಮಗೂ ಗೊತ್ತಿಲ್ಲ ಅನ್ನಿ" ಎಂದು ನಕ್ಕಿದ್ದರು. ಪರದೆಯ ಮೇಲೆ ಯಾರ್ಯಾರು ಚಪ್ಪಾಳೆ ತಟ್ಟುತ್ತಿದ್ದಾರೆಂದು ಒಂದೊಂದೇ ಮುಖ ನೋಡಿ ನೆನಪಿಟ್ಟುಕೊಂಡೆ. ಅಡುಗೆಮನೆಯಲ್ಲಿ ನಮ್ಮವರೂ ತಟ್ಟುತ್ತಿದ್ದರು.

ಗದಗಿನಲ್ಲಿ ಕೂತು ಅದನ್ನು ನೋಡಿದ್ದ ಅತ್ತೆ ಮರುದಿನ ಫೋನ್ ಮಾಡಿದರು. "ಆ ಹುಡುಗ ಎಷ್ಟ ಛಂದ ಮಾತಾಡ್ತಾನವಾ! ಅಗದೀ ತಿಳೀತು ನೋಡು. ಅದಿರಲಿ, ನೀ ಏನ ಓದಾಕತ್ತೀದಿ ಅಲ್ಲೆ?"

ಲಾನ್ ಮೋವರಿನ ಹಿಂದೆ

ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ತಾಪತ್ರಯ ಒಂದಿದೆ. ಯಾರಿಗೆ ವೋಟು ಹಾಕ್ತೀರಿ ಎಂದು ನೇರವಾಗಿ ಕೇಳಿದರೆ ಜನ ಜಾರಿಕೊಳ್ಳುತ್ತಾರೆ. ಅದಕ್ಕೇ ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ: ನಿಮ್ಮ ಪಕ್ಕದವರು ಯಾರಿಗೆ ಹಾಕ್ತಾರೆ? ಈ ಪ್ರಶ್ನೆಗೆ ಜಾರಿಕೊಂಡವರನ್ನು ನಾನು ನೋಡಿಲ್ಲ.

ಚುನಾವಣೆಗೆ ಮೊದಲು ಟೋಸ್ಟ್ ಅಜ್ಜಿಯನ್ನು ಹೀಗೇ ಕೇಳಿದ್ದೆ. "ನಾನಿನ್ನೂ ಏನೂ ಯೋಚನೆ ಮಾಡಿಲ್ಲಮ್ಮ," ಎಂದಿದ್ದರು ಅಜ್ಜಿ. "ಆದರೆ ನಮ್ಮ ಯಜಮಾನರು ತೀರ್ಮಾನ ಮಾಡಿಬಿಟ್ಟಿದ್ದಾರೆ. ಬಾಯಿ ಬಿಡಲ್ಲ. ಪ್ರಚಾರದ ಬೋರ್ಡು ತಂದು ಗ್ಯಾರೇಜಿನಲ್ಲಿ ಬಚ್ಚಿಟ್ಟಿದ್ದಾರೆ, ಹುಲ್ಲು ಕತ್ತರಿಸೋ ಲಾನ್ ಮೋವರಿನ ಹಿಂದೆ." ಮಾರನೆಯ ದಿನ ಅಜ್ಜನ ಸರದಿ. ಅವರೂ ಏನೂ ಯೋಚನೆ ಮಾಡಿರಲಿಲ್ಲ. "ನನ್ನ ಹೆಂಡತಿ ಮಾತ್ರ ಕಳ್ಳಿ. ಗ್ಯಾರೇಜಿನಲ್ಲಿ ಬೋರ್ಡು ಬಚ್ಚಿಟ್ಟಿದ್ದಾಳೆ," ಎಂದರು. ಎಲ್ಲಿ ಎಂದು ಕೇಳಿದೆ. "ಲಾನ್ ಮೋವರಿನ ಹಿಂದೆ."

ಚುನಾವಣೆ ಮುಗಿದ ಮೇಲೆ ಮತ್ತೆ ಫೋನ್ ಮಾಡಿದಾಗ ಅಜ್ಜಿಗೆ ನಗು ತಡೆಯಲಾಗುತ್ತಿರಲಿಲ್ಲ. ಫಲಿತಾಂಶ ಬಂದ ದಿನ ಇಬ್ಬರೂ ಗ್ಯಾರೇಜಿಗೆ ಹೋದರಂತೆ. ಲಾನ್ ಮೋವರಿನ ಹಿಂದೆ ಎರಡು ಬೋರ್ಡು, ಎರಡರ ಮೇಲೂ ಒಂದೇ ಹೆಸರು. "ಅಜ್ಜ ಬಚ್ಚಿಟ್ಟಿದ್ದನ್ನ ನೀವು ಮೊದಲೇ ನೋಡಿದ್ರಾ?" ಎಂದು ಕೇಳಿದೆ. "ಎಲ್ಲಿ ನೋಡಿದ್ದೆ! ನಾನು ಬಚ್ಚಿಟ್ಟಿದ್ದೆನಲ್ಲ, ಅದಕ್ಕೇ ಅವರೂ ಇಟ್ಟೇ ಇರ್ತಾರೆ ಅಂದುಕೊಂಡೆ."

ಸೋಮವಾರ ಇದನ್ನು ಮೀಟಿಂಗಿನಲ್ಲಿ ಹೇಳಿ, ಕೊನೆಗೆ ಬೆರಳೆತ್ತಿ ತೀರ್ಮಾನವನ್ನೂ ಕೊಟ್ಟೆ. "ಮನುಷ್ಯ ತನ್ನ ಗುಟ್ಟನ್ನ ಪಕ್ಕದವರ ಹೆಸರಿನಲ್ಲಿ ಹೇಳ್ತಾನೆ." ಪ್ರೊಫೆಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ವರ್ಷದಲ್ಲಿ ನನಗೆ ಸಿಕ್ಕ ಮೊದಲ ಚಪ್ಪಾಳೆ. ಕಣ್ಣು ತುಂಬಿ ಬಂತು. ಆದರೂ ಒದ್ದೆ ಕಣ್ಣಲ್ಲೇ ಮೈಸೂರಿನವನ ಮುಖ ಹೇಗಾಗಿದೆಯೆಂದು ನೋಡಲು ಪರದೆಯ ಮೂಲೆಗೆ ತಿರುಗಿದೆ. ಅಲ್ಲಿ ಮುಖವೂ ಇಲ್ಲ, ಹಿತ್ತಾಳೆ ದೀಪವೂ ಇಲ್ಲ, ಬರೀ ಕಪ್ಪು ಚೌಕ.

"ಸಾರಿ, ನೆಟ್‌ವರ್ಕ್ ಪ್ರಾಬ್ಲಂ," ಎಂದು ಅದರೊಳಗಿಂದ ದನಿ ಬಂತು. ಅಷ್ಟು ಸ್ಪಷ್ಟವಾಗಿ ಅವನ ದನಿ ಹಿಂದೆಂದೂ ಕೇಳಿರಲಿಲ್ಲ.

ಮಂಕಿ ಕ್ಯಾಪು

ಚಳಿಗಾಲದಲ್ಲಿ ಮತ್ತೆ ಎಲ್ಲ ಮುಚ್ಚಿತು. ಡಚ್ಚರು ಮನೆಯೊಳಗೆ ಯಾರನ್ನೂ ಕರೆಯುವಂತಿಲ್ಲದೆ, ಮಾತಾಡುವುದಿದ್ದರೆ ನಡೆಯುತ್ತ ಮಾತಾಡತೊಡಗಿದರು. ಒಂದೂವರೆ ಮೀಟರ್ ದೂರ ಬಿಟ್ಟು, ಕೈಯಲ್ಲಿ ಕಾಗದದ ಲೋಟದ ಕಾಫಿ ಹಿಡಿದು, ಕಾಲುವೆಯ ದಂಡೆಯ ಮೇಲೆ ಜೋಡಿ ಜೋಡಿಯಾಗಿ ಹೋಗುತ್ತಿದ್ದರು. ಪ್ರೊಫೆಸರ್ ಕೂಡ ಆ ಅಭ್ಯಾಸ ಹಚ್ಚಿಕೊಂಡರು. ಅವರ ಅಜೆಂಡಾ, ಅಂದರೆ ಯಾವ ದಿನ ಯಾರ ಭೇಟಿ ಎಂಬ ಪಟ್ಟಿ, ಕಂಪ್ಯೂಟರಿನಲ್ಲಿ ನಮಗೆಲ್ಲ ಕಾಣುತ್ತಿತ್ತು. ಒಂದು ಗುರುವಾರ ಮಧ್ಯಾಹ್ನಕ್ಕೆ 'ವಾಕಿಂಗ್, ವೂರ್‌ಬರ್ಗ್ ಸೇತುವೆ' ಎಂದು ಬರೆದು ಮೈಸೂರಿನವನ ಹೆಸರು ಹಾಕಿದ್ದರು. ನಮ್ಮ ಊರು, ನಮ್ಮ ಸೇತುವೆ, ನಮ್ಮ ಮನೆಯ ಕಿಟಕಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಗೆ ಆಮರ್ಸ್‌ಫೋರ್ಟ್‌ನಿಂದ ರೈಲು ಹತ್ತಿಸಿ ಅವನನ್ನು ಕರೆಸುತ್ತಾರೆ, ನನ್ನನ್ನು ಕರೆಯುವುದಿಲ್ಲ! ಆ ಒಂದು ಕೆಲಸ ಅವನಿಗೇ ಹೋಯಿತು ಎಂದು ಖಾತ್ರಿಯಾಯಿತು. ಅನ್ನ ಸೇರಲಿಲ್ಲ.

ಗುರುವಾರ ಗಂಡನಿಗೆ, "ಒಂದು ರೌಂಡ್ ಸೈಕಲ್ ಹೊಡೆಯೋಣ ಬನ್ನಿ," ಎಂದೆ. ಅವರು ಊರಿನಿಂದ ತಂದ ಮಂಕಿ ಕ್ಯಾಪು ಹಾಕಿ, ಮೇಲೆ ಮಾಸ್ಕು ಕಟ್ಟಿ ಹೊರಟರು. ಸೇತುವೆಯ ಹತ್ತಿರ ಬರುವಷ್ಟರಲ್ಲಿ ಎದುರಿಗೆ ಅವರಿಬ್ಬರೂ ಬರುತ್ತಿದ್ದಾರೆ, ನಗುತ್ತಿದ್ದಾರೆ ಬೇರೆ. ನಾನು ಸೈಕಲ್ಲನ್ನು ಹುಲ್ಲಿಗೆ ಎಸೆದು ಅಲ್ಲಿದ್ದ ವಿಲೋ ಮರದ ಹಿಂದೆ ಅವಿತೆ. ಎಲೆಯೆಲ್ಲ ಉದುರಿದ ಮರ. ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಏನು ಮಾತಾಡುತ್ತಿದ್ದಾರೆಂದು ಕೇಳಲು ಎಷ್ಟು ಕಿವಿ ಚಾಚಿದರೂ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಅವರು ದಾಟಿಹೋದ ಮೇಲೆ ಹೊರಬಂದೆ. ಗಂಡ ದಾರಿಯ ನಟ್ಟನಡುವೆ ಸೈಕಲ್ ಹಿಡಿದು ನಿಂತೇ ಇದ್ದರು.

"ಭಾಳ ಛೊಲೋ ಹೆಣಮಗಳು," ಎಂದರು. "ಕೈ ಬೀಸಿ ನಮಸ್ಕಾರ ಮಾಡಿದ್ಲು. ನನಗ ಏನರ ಮದತ್ ಬೇಕೇನ ಅಂತ ಕೇಳಿದ್ಲು."

ನಾನು ಅವರ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೆ. "ಯಾರು ಅಂತ ಹೇಳಿಬಿಟ್ರಾ?"

"ಏ, ಹೆಸರು ಗಿಸರು ಏನೂ ಹೇಳಿಲ್ಲ. ನಾ ಅಷ್ಟ ದಡ್ಡ ಅದೀನೇನ? 'ಏನೂ ಬ್ಯಾಡ್ರಿ, ನಮ್ಮ ಹೆಂಡ್ತಿ ಆ ಗಿಡದ ಹಿಂದ ಅದಾಳ, ನೀವು ಹ್ವಾದ ಮ್ಯಾಲೆ ಬರ್ತಾಳ' ಅಂತ ಅಷ್ಟ ಹೇಳಿದೆ."

ನನ್ನ ಸರದಿ

ವಸಂತ ಬಂತು, ಥೀಸಿಸ್ಸೂ ಮುಗಿಯಿತು. ಕೊನೆಗೂ ಅಜೆಂಡಾದಲ್ಲಿ ನನ್ನ ಹೆಸರು ಬಂತು. ಅದೇ ಕಾಲುವೆ, ಅದೇ ಸೇತುವೆ, ಕಾಗದದ ಲೋಟದಲ್ಲಿ ಅದೇ ನೀರು ಕಾಫಿ. ಇವತ್ತು ತೀರ್ಮಾನ ಎಂದು ಗೊತ್ತಿತ್ತು.

"ನೇರವಾಗಿ ಕೇಳ್ತೀನಿ," ಎಂದರು ಪ್ರೊಫೆಸರ್. ಅವರು ಬೇರೆ ರೀತಿಯಲ್ಲಿ ಕೇಳಿದ್ದನ್ನು ನಾನು ನೋಡಿಲ್ಲ. "ಒಂದು ಕೆಲಸ, ನೀವಿಬ್ಬರು. ಅವನ ಮೇಲೆ ನಿನಗೆ ಹೊಟ್ಟೆಕಿಚ್ಚು ಇದೆಯಾ?"

"ನನಗಾ? ಛೆ ಛೆ, ಎಲ್ಲಾದರೂ ಉಂಟಾ ಮೇಡಂ! ಅವನು ನನ್ನ ತಮ್ಮನ ಥರ."

"ಸಂತೋಷ. ಅವನಿಗೆ ನಿನ್ನ ಮೇಲೆ?"

ಒಂದು ವರ್ಷದಿಂದ ಬಾಯಿಯೊಳಗೆ ಕಟ್ಟಿಟ್ಟುಕೊಂಡದ್ದೆಲ್ಲ ಒಮ್ಮೆಲೇ ಬಿಚ್ಚಿಕೊಂಡಿತು. "ಅಯ್ಯೋ, ಅದನ್ನ ಕೇಳಬೇಡಿ ಮೇಡಂ! ಮೈಯೆಲ್ಲ ಹೊಟ್ಟೆಕಿಚ್ಚು. ನನ್ನ ಹಿಂದೆ ಒಂದು ಒಳ್ಳೇ ಕಪಾಟು ಕಂಡರೆ ಸಾಕು, ಅವತ್ತೇ ಮನೆಯಲ್ಲಿರೋ ಕಪಾಟನ್ನೆಲ್ಲ ಎಳೆಸ್ತಾನೆ. ನನಗೆ ಯಾರ್ಯಾರು ಚಪ್ಪಾಳೆ ತಟ್ಟಿದ್ರು ಅಂತ ಮುಖ ನೋಡಿ ನೆನಪಿಟ್ಟುಕೊಳ್ತಾನೆ. ನೀವು ನನ್ನ ಜೊತೆ ವಾಕಿಂಗ್ ಬಂದರೂ ಅವನಿಗೆ ತಡೆಯಲ್ಲ. ಅನ್ನ ಬಿಡ್ತಾನೆ! ನಿಮ್ಮ ಅಜೆಂಡಾ ನೋಡಿ, ಸೈಕಲ್ಲಲ್ಲಿ ಬಂದು, ಮರದ ಹಿಂದೆ ಅವಿತುಕೊಂಡು..."

"ಯಾವ ಮರದ ಹಿಂದೆ?" ಎಂದರು ಪ್ರೊಫೆಸರ್.

"ಅದೇ ಮೇಡಂ, ಆ ವಿಲೋ," ಎಂದು ಬೆರಳು ತೋರಿಸಿಬಿಟ್ಟೆ.

ಪ್ರೊಫೆಸರ್ ಮರ ನೋಡಿದರು, ನನ್ನನ್ನು ನೋಡಿದರು. ಮರ ಈಗ ಚಿಗುರಿ ಸೊಂಪಾಗಿತ್ತು. ಬೇಕಾದಾಗ ಒಂದೆಲೆ ಇರಲಿಲ್ಲ.

"ಅವನಿರೋದು ಆಮರ್ಸ್‌ಫೋರ್ಟ್‌ನಲ್ಲಿ," ಎಂದರು. "ಚಳಿಗಾಲದಲ್ಲಿ ಇಲ್ಲಿ ಉಣ್ಣೆ ಟೋಪಿಯ ಒಬ್ಬ ಸಭ್ಯ ಮನುಷ್ಯ ನಿಂತಿದ್ದ. ಹೆಂಡತಿ ಮರದ ಹಿಂದೆ ಇದ್ದಾಳೆ ಅಂದ. ಈಗ ಹೇಗಿದ್ದಾಳೆ ಆಕೆ?"

"ಮನುಷ್ಯ ತನ್ನ ಗುಟ್ಟನ್ನ ಪಕ್ಕದವರ ಹೆಸರಿನಲ್ಲಿ ಹೇಳ್ತಾನೆ," ಎಂದು ಅವರೇ ಮುಂದುವರಿಸಿದರು. "ಒಳ್ಳೇ ಸಂಶೋಧನೆ. ನಿನ್ನದೇ." ಕೆಲಸ ಹೋಯಿತು, ಮರ್ಯಾದೆಯೂ ಹೋಯಿತು. ಕಾಲುವೆ ಎಷ್ಟು ಆಳವಿದ್ದೀತು ಎಂದು ಒಂದು ಸಲ ಇಣುಕಿ ನೋಡಿದೆ.

"ಹೋದ ವಾರ ಅವನನ್ನೂ ಇದನ್ನೇ ಕೇಳಿದೆ," ಎಂದರು. "ಅವನಿಗೆ ನಿನ್ನ ಮೇಲೆ ಏನೂ ಇಲ್ಲವಂತೆ, ನೀನು ಅಕ್ಕನ ಥರವಂತೆ. ಆದರೆ ನಿನಗೆ ಅವನ ಮೇಲೆ ಕಿಚ್ಚಂತೆ. ಅವನ ರೆಕಾರ್ಡಿಂಗ್ ಎಲ್ಲ ಕದ್ದು ಕೇಳಿ ಅವನ ಪ್ರಶ್ನೆ ಎತ್ತಿಕೊಳ್ತೀಯಂತೆ. ಅವನನ್ನ ಹೊಗಳಿದ ಕೂಡಲೇ ಮುಖ ಕಾಣಬಾರದು ಅಂತ ಕ್ಯಾಮೆರಾ ಆಫ್ ಮಾಡಿ ನೆಟ್‌ವರ್ಕ್ ಪ್ರಾಬ್ಲಂ ಅಂತೀಯಂತೆ."

"ನಾನಾ? ನಾನು ಒಂದು ದಿನವೂ ಕ್ಯಾಮೆರಾ ಆಫ್ ಮಾಡಿಲ್ಲ ಮೇಡಂ! ಅದೆಲ್ಲ ಮಾಡಿದ್ದು ಅವನು!"

"ಗೊತ್ತು," ಎಂದರು ಪ್ರೊಫೆಸರ್.

ಆಗ ನನಗೆ ಅರ್ಥವಾಯಿತು. ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ನನ್ನ ಮೇಲೆ! ಕಾಲುವೆಯ ಬಾತುಕೋಳಿಗಳೆಲ್ಲ ನನ್ನನ್ನೇ ನೋಡಿ ಈಜುತ್ತಿವೆ ಅನ್ನಿಸಿತು. ಕೆಲಸದ ಮಾತೇ ಮರೆತುಹೋಗಿತ್ತು, ಅವರೇ ನೆನಪಿಸಿದರು.

"ಕೆಲಸ ಇಬ್ಬರಿಗೂ. ವಾರದ ಮೊದಲರ್ಧ ನೀನು, ಉಳಿದರ್ಧ ಅವನು. ಮೇಜು ಒಂದೇ, ಕುರ್ಚಿ ಒಂದೇ. ಗೆದ್ದವನಿಗೇ ಎಲ್ಲ ಅನ್ನೋದು ನೀವು ಓದೋ ಅಮೆರಿಕದಲ್ಲಿ. ಇಲ್ಲಿ ನಮ್ಮದು ಯಾವಾಗಲೂ ಸಮ್ಮಿಶ್ರ ಸರ್ಕಾರ."

ಸಮ್ಮಿಶ್ರ ಸರ್ಕಾರ ಹೇಗೆ ನಡೆಯುತ್ತದೆಂದು ಕರ್ನಾಟಕದವರಿಗೆ ಹೇಳಿಕೊಡುತ್ತಿದ್ದಾರಲ್ಲ ಎಂದು ನಗು ಬಂತು. ಅರ್ಧ ಕೆಲಸ ಸಿಕ್ಕಿತ್ತು, ಅವನಿಗೆ ಪೂರ್ತಿ ಸಿಕ್ಕಿರಲಿಲ್ಲ, ಅದಕ್ಕಿಂತ ಇನ್ನೇನು ಬೇಕು. ಕುಣಿಯುತ್ತ ಮನೆಗೆ ಹೋಗಬೇಕಾಗಿತ್ತು, ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ಸೇತುವೆಯ ಹತ್ತಿರ ನಿಂತು ಒಂದು ಮಾತು ಕೇಳಿದೆ.

"ಮೇಡಂ, ಸುಮ್ಮನೆ ತಿಳ್ಕೊಳ್ಳೋಕೆ ಅಷ್ಟೇ. ನಮ್ಮಿಬ್ಬರಲ್ಲಿ ಯಾರ ಹೊಟ್ಟೆಕಿಚ್ಚು ಜಾಸ್ತಿ?"

ಪ್ರೊಫೆಸರ್ ಒಂದು ಕ್ಷಣವೂ ಯೋಚಿಸಲಿಲ್ಲ. "ಅವನದು. ನಿನ್ನದು ಈ ಮರ ಬರೋ ಹೊತ್ತಿಗೆ ಮುಗೀತು. ಅವನದು ಕೇಳ್ತಾ ಕೇಳ್ತಾ ನಾವು ಮುಂದಿನ ಊರು ದಾಟಿದ್ವಿ."

ಮನೆಗೆ ಬಂದು ಧಡಾರನೆ ಬಾಗಿಲು ಹಾಕಿಕೊಂಡೆ. ಗಂಡ ಗಾಬರಿಯಾಗಿ ಓಡಿ ಬಂದರು. "ಯಾಕ, ಕೆಲಸ ಸಿಗಲಿಲ್ಲೇನು?"

"ಕೆಲಸ ಸಿಕ್ತು ರೀ," ಎಂದೆ. "ಆದರೆ ಹೊಟ್ಟೆಕಿಚ್ಚಿನಲ್ಲೂ ಅವನೇ ಫಸ್ಟಂತೆ!"